ಎಂಜಿನ್ ತೊಳೆಯುವ ಮೊದಲು ಅದರ ನಂಬರ್ ಓದಿ

ಬೆಳ್ಳಿ ಬಣ್ಣ ಬಳಿದು ಮಿಂಚುತ್ತಿರುವ ಹಳೆಯ ಎಂಜಿನ್ ಮಾರಾಟಕ್ಕಿದ್ದರೆ ಅದನ್ನು ಬಿಟ್ಟು ಮುಂದೆ ನಡೆಯಿರಿ. ಅದರ ಪಕ್ಕದಲ್ಲೇ ಎಣ್ಣೆ, ಧೂಳು, ಮಸಿ ಮೆತ್ತಿಕೊಂಡು ಬಿದ್ದಿರುವುದರ ಮುಂದೆ ಕುಳಿತುಕೊಳ್ಳಿ. ಕುರ್ಲಾದ ಸಿಎಸ್‌ಟಿ ರಸ್ತೆಯ ಹಳೆ ಬಿಡಿಭಾಗದ ಅಂಗಡಿಗಳಿಗೆ ಎಂಜಿನ್ ಹುಡುಕಿಕೊಂಡು ಹೋಗುವ ಠಾಣೆ, ಡೊಂಬಿವಲಿ, ಕಲ್ಯಾಣದ ಗೆಳೆಯರಿಗೆ ನಾನು ಮೊದಲು ಹೇಳುವ ಮಾತು ಇದು. ಕೊಳೆ ಸುಳ್ಳು ಹೇಳುವುದಿಲ್ಲ. ಹೆಡ್ ಮತ್ತು ಬ್ಲಾಕ್ ಕೂಡುವ ಗೆರೆಯಲ್ಲಿ ಬಿಳಿ ಇಲ್ಲವೇ ಹಸಿರು ಹಕ್ಕಳೆ ಕಟ್ಟಿದ್ದರೆ ಅಲ್ಲಿಂದ ಕೂಲಂಟ್ ಜಿನುಗಿ ಒಣಗಿದೆ ಎಂದರ್ಥ. ಟ್ಯಾಪೆಟ್ ಕವರ್ ಕೆಳಗೆ ಮಾತ್ರ ಎಣ್ಣೆಯ ಮಣ್ಣು ಹಿಡಿದಿದ್ದರೆ ಅಗ್ಗದ ಗ್ಯಾಸ್ಕೆಟ್ ಕೆಲಸ. ಹಿಂಬದಿಯಲ್ಲಿ, ಕ್ಲಚ್ ಕೂರುವ ಕಡೆ ಒದ್ದೆಯಾಗಿದ್ದರೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿದೆ. ಬಣ್ಣ ಬಳಿದವನು ಈ ಗುರುತುಗಳನ್ನೆಲ್ಲ ಅಳಿಸಿರುತ್ತಾನೆ.

ಹಳೆ ಎಂಜಿನ್ ಶುಚಿ ಮಾಡುವುದೆಂದರೆ ಅದನ್ನು ಪರೀಕ್ಷೆ ಮಾಡುವುದು. ಪೆಟ್ರೋಲಿನಲ್ಲಿ ಅದ್ದಿದ ಬ್ರಶ್ಶು ಹಿಡಿದು ಒಂದೊಂದೇ ಭಾಗವನ್ನು ಬಿಚ್ಚಿ ತೊಳೆಯುವವನಿಗೆ ಆ ಎಂಜಿನ್ ಹೇಗೆ ಬಾಳಿತು, ಯಾರ ಕೈಯಲ್ಲಿ ಸೋತಿತು ಎಂಬುದು ತಿಳಿಯುತ್ತ ಹೋಗುತ್ತದೆ. ಹೀಗೆ ತಿಳಿಯದೆ ಕೂರಿಸಿದ ಎಂಜಿನ್ ಮೂರು ತಿಂಗಳಲ್ಲಿ ಮತ್ತೆ ಚೈನ್ ಬ್ಲಾಕಿನಲ್ಲಿ ತೂಗುತ್ತದೆ.

ನಮ್ಮ ಭಾಗದಲ್ಲಿ ಎಂಜಿನ್ ಬದಲಿಸುವ ಪ್ರಸಂಗ ಹೆಚ್ಚಾಗಿ ಮಳೆಯಿಂದಲೇ ಬರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದು ಎಲ್ಲರಿಗೂ ನೆನಪಿದೆ. ಅದೇ ಹೊತ್ತಿಗೆ ಉಲ್ಲಾಸ್ ನದಿ ಉಕ್ಕಿ ಬದಲಾಪುರ, ಕಲ್ಯಾಣದ ತಗ್ಗುಗಳನ್ನು ಮುಳುಗಿಸಿತ್ತು. 2019ರ ಜುಲೈ 27ರಂದು ಅದೇ ನದಿಯ ನೀರಿನಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ರೈಲೇ ಬದಲಾಪುರ-ವಾಂಗಣಿ ನಡುವೆ ಸಿಕ್ಕಿಹಾಕಿಕೊಂಡಿತು. ರೈಲು ನಿಲ್ಲುವಷ್ಟು ನೀರು ಬಂದ ದಿನ ಕಟ್ಟಡಗಳ ಕೆಳಗೆ ನಿಂತ ಕಾರುಗಳ ಗತಿ ಏನಾಗಿರಬೇಕು! ನೀರಿನಲ್ಲಿ ಸುಮ್ಮನೆ ನಿಂತ ಕಾರನ್ನು ಬಹಳ ಸಲ ಉಳಿಸಿಕೊಳ್ಳಬಹುದು. ನೀರು ಇಳಿದ ಮರುದಿನ ಆತುರದಿಂದ ಕೀಲಿ ತಿರುಗಿಸುವುದರಿಂದಲೇ ಎಂಜಿನ್ ಸಾಯುತ್ತದೆ.

ಅದರ ಲೆಕ್ಕ ಸರಳ. 1200 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ಎಂದರೆ ಒಂದೊಂದು ಸಿಲಿಂಡರಿಗೆ 300 ಸಿಸಿ. ಕಂಪ್ರೆಷನ್ ಅನುಪಾತ 9 ಎಂದಿಟ್ಟುಕೊಂಡರೆ ಪಿಸ್ಟನ್ ಪೂರ್ತಿ ಮೇಲೇರಿದಾಗ ತಲೆಯ ಮೇಲೆ ಉಳಿಯುವ ಜಾಗ 37 ಸಿಸಿ ಆಸುಪಾಸು, ಅಂದರೆ ಅರ್ಧ ಕಟಿಂಗ್ ಚಹಾದಷ್ಟು. ಅದಕ್ಕಿಂತ ಹೆಚ್ಚು ನೀರು ಒಳಗೆ ನಿಂತಿದ್ದರೆ ಪಿಸ್ಟನ್ ಮೇಲೇರಲು ಆಗುವುದಿಲ್ಲ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸ್ಟಾರ್ಟರ್ ಮೋಟರಿನ ಜೋರು, ಇಲ್ಲವೇ ಓಡುತ್ತಿದ್ದ ಗಾಡಿಯ ವೇಗ, ಕನೆಕ್ಟಿಂಗ್ ರಾಡ್ ಅನ್ನು ಬಗ್ಗಿಸುತ್ತದೆ. ಬಹಳ ಬಗ್ಗಿದರೆ ರಾಡ್ ಬ್ಲಾಕನ್ನೇ ಒಡೆದು ಹೊರಬರುತ್ತದೆ. ಆಗ ಬೇರೆ ಎಂಜಿನ್ ಹುಡುಕದೆ ದಾರಿಯಿಲ್ಲ. ನೀರಿನಲ್ಲಿ ಸ್ಟಾರ್ಟ್ ಮಾಡಿ ಕೆಟ್ಟದ್ದಕ್ಕೆ ಸಾಮಾನ್ಯ ವಿಮೆಯಲ್ಲಿ ದುಡ್ಡು ಸಿಗುವುದು ಕಷ್ಟ. ಅದಕ್ಕೆಂದೇ ಎಂಜಿನ್ ರಕ್ಷಣೆಯ ಪ್ರತ್ಯೇಕ ಕಂತು ಕಟ್ಟಿರಬೇಕು.

ಯಾವ ಎಂಜಿನ್ ತರಬೇಕು ಎಂಬಲ್ಲಿ ನಮ್ಮ ಭಾಗಕ್ಕೇ ಸೇರಿದ ಒಂದು ಕತೆಯಿದೆ. ಡೊಂಬಿವಲಿ ಪೂರ್ವದಿಂದ ಕಲ್ಯಾಣ-ಶಿಳ್ ರಸ್ತೆಗೆ ಬಂದರೆ ಪ್ರೀಮಿಯರ್ ಮೈದಾನ ಎಂದು ಇಂದಿಗೂ ಜನ ಕರೆಯುವ ಜಾಗವಿದೆ. ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯ ಹೆಸರು ಅಲ್ಲಿ ಉಳಿದುಕೊಂಡಿದೆ. ಮುಂಬೈಯಲ್ಲಿ ಕಾರು ಕಾರ್ಖಾನೆ ಆಗಬೇಕೆಂದು 1930ರ ದಶಕದಲ್ಲಿ ಯುರೋಪ್, ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ಬಂದು ಯೋಜನೆ ಬರೆದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಆ ಕನಸನ್ನು ಕೈಗೆತ್ತಿಕೊಂಡ ವಾಲಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಸ್ಥಾಪಿಸಿದರು. ಕುರ್ಲಾದ ಕಾರ್ಖಾನೆಯಿಂದ ಫಿಯೆಟ್, ಮುಂದೆ ಪದ್ಮಿನಿ ಬಂತು. 1990ರ ದಶಕದ ನಡುವಿನಲ್ಲಿ ಪ್ರೀಮಿಯರ್ ಫ್ರಾನ್ಸಿನ ಪ್ಯೂಜೋ ಜೊತೆ ಸೇರಿ ಕಲ್ಯಾಣ ಕಾರ್ಖಾನೆಯಲ್ಲಿ ಪ್ಯೂಜೋ 309 ಕಾರು ಕಟ್ಟಿತು. ಕೆಲವೇ ವರ್ಷಗಳಲ್ಲಿ ಆ ಪಾಲುದಾರಿಕೆ ಮುರಿದುಬಿತ್ತು, ಕಾರು ಕೊಂಡವರು ಬಿಡಿಭಾಗಕ್ಕೆ ಪರದಾಡುವಂತಾಯಿತು.

ಆದರೆ ಆ 309 ಡೀಸೆಲ್ಲಿನಲ್ಲಿದ್ದ 1527 ಸಿಸಿಯ ಟಿಯುಡಿ5 ಎಂಜಿನ್ನನ್ನೇ ಮಾರುತಿ ತನ್ನ ಜೆನ್ ಮತ್ತು ಎಸ್ಟೀಮ್ ಡೀಸೆಲ್‌ಗಳಲ್ಲಿ ಹಾಕಿತು. ಬಾನೆಟ್ಟಿನ ಮೇಲಿನ ಹೆಸರು ಬೇರೆ, ಒಳಗಿನ ಕುಲ ಒಂದೇ. ಇಂಥ ನಂಟು ಗೊತ್ತಿದ್ದರೆ ಬಿಡಿಭಾಗ ಹುಡುಕುವವನ ಅರ್ಧ ಕೆಲಸ ಮುಗಿದಂತೆ. ಈಚಿನ ಉದಾಹರಣೆ ಫಿಯೆಟ್‌ನ 1248 ಸಿಸಿ ಮಲ್ಟಿಜೆಟ್ ಡೀಸೆಲ್. ಸ್ವಿಫ್ಟ್, ಡಿಜೈರ್, ಇಂಡಿಕಾ ವಿಸ್ತಾ, ಪುಂಟೊ, ಲಿನಿಯಾ ಎಲ್ಲದರಲ್ಲೂ ಅದೇ. ಹಾಗೆಂದು ಸ್ವಿಫ್ಟ್‌ನ ಎಂಜಿನ್ ಪುಂಟೊಗೆ ಎತ್ತಿಟ್ಟರೆ ಆಗಿಹೋಯಿತು ಎಂದುಕೊಳ್ಳಬಾರದು. ಮೌಂಟಿಂಗ್, ಟರ್ಬೊ, ವೈರಿಂಗ್, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಬೇರೆ ಬೇರೆ ಇರುತ್ತವೆ. ಕೀಲಿಯ ಗುರುತು ಇಸಿಯುಗೆ ಹೊಂದದಿದ್ದರೆ ಎಂಜಿನ್ ಸ್ಟಾರ್ಟೇ ಆಗುವುದಿಲ್ಲ. ಅದೇ ಮಾದರಿಯ, ಅದೇ ಇಂಧನದ ಎಂಜಿನ್ ತರುವುದೇ ಜಾಣತನ. ಕಾನೂನಿಗೂ ಅದೇ ಬೇಕು.

ಬ್ರಶ್ಶು ಮೊದಲು ತಾಗಬೇಕಾದ ಜಾಗಕ್ಕೆ ಈಗ ಬರುತ್ತೇನೆ. ಬ್ಲಾಕಿನ ಮೇಲೆ ಒಂದು ಸಣ್ಣ ಸಮತಟ್ಟು ಜಾಗದಲ್ಲಿ ಎಂಜಿನ್ ನಂಬರ್ ಒತ್ತಿರುತ್ತಾರೆ. ಅಲ್ಲಿ ಎಣ್ಣೆಯ ಪದರ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಅದನ್ನು ಸ್ಕ್ರೂಡ್ರೈವರಿನಿಂದ ಕೆರೆಯಬಾರದು, ತಂತಿ ಬ್ರಶ್ಶು ಜೋಡಿಸಿದ ಡ್ರಿಲ್ ಮಷಿನ್ ತರಲೇಬಾರದು, ಎಮರಿ ಕಾಗದವೂ ಬೇಡ. ಸೀಮೆಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಹತ್ತು ನಿಮಿಷ ಅದರ ಮೇಲಿಟ್ಟು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರೆ ಅಕ್ಷರಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಈ ಕೆಲಸ ಅಂಗಡಿಯಲ್ಲೇ, ದುಡ್ಡು ಕೊಡುವ ಮೊದಲೇ ಆಗಬೇಕು. ನಂಬರಿನ ಸುತ್ತ ಗ್ರೈಂಡರ್ ಹೊಡೆದ ಗೀರು ಕಂಡರೆ, ಅಕ್ಷರಗಳ ಸಾಲು ಸೊಟ್ಟವಾಗಿದ್ದರೆ, ಅದು ಕದ್ದ ಗಾಡಿಯದಿರಬಹುದು. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಆ ನಂಬರ್ ನಿಮ್ಮ ಆರ್‌ಸಿ ಪುಸ್ತಕದೊಳಗೆ ಹೋಗಬೇಕಾದದ್ದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿಯಲ್ಲಿರುವ ವಿವರಕ್ಕೆ ಹೊಂದದ ಬದಲಾವಣೆಗಳಿಗೆ ಅವಕಾಶವಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಗಟ್ಟಿಮಾಡಿ ಹೇಳಿತು. ಎಂಜಿನ್ ಬದಲಿಸಬೇಕಿದ್ದರೆ ಆರ್‌ಟಿಒ ಒಪ್ಪಿಗೆ ಬೇಕು. ಒಪ್ಪಿಗೆಯಿಲ್ಲದೆ ಬದಲಾವಣೆ ಆಗಿದ್ದರೆ 14 ದಿನಗಳೊಳಗೆ ತಿಳಿಸಬೇಕೆಂದು ಕಾಯ್ದೆಯಲ್ಲೇ ಇದೆ. ಠಾಣೆಯವರಿಗೆ ಎಂಎಚ್ 04, ಕಲ್ಯಾಣ-ಡೊಂಬಿವಲಿಗೆ ಎಂಎಚ್ 05, ನವಿ ಮುಂಬೈಗೆ ವಾಶಿಯ ಎಂಎಚ್ 43 ಕಚೇರಿ. ಮೊದಲು ಅಲ್ಲಿ ಕೇಳಿ, ಆಮೇಲೆ ಎಂಜಿನ್ ಕೊಳ್ಳಿ. ಅಂಗಡಿಯ ಬಿಲ್ಲಿನಲ್ಲಿ ಎಂಜಿನ್ ನಂಬರ್ ಬರೆಸಿಕೊಳ್ಳಿ, ಅದು ಯಾವ ಗಾಡಿಯಿಂದ ಬಂತೋ ಅದರ ನೋಂದಣಿ ರದ್ದಾದ ಕಾಗದದ ಪ್ರತಿ ಕೇಳಿ. ವಿಮಾ ಕಂಪನಿಗೂ ತಿಳಿಸಿ. ನಂಬರ್ ತಾಳೆಯಾಗದ ಗಾಡಿ ಅಪಘಾತಕ್ಕೆ ಸಿಕ್ಕಿದ ದಿನ ನಿಮ್ಮ ಪರ ಮಾತಾಡಲು ಆ ಬಿಲ್ಲು, ಆ ಒಪ್ಪಿಗೆ ಪತ್ರ ಬಿಟ್ಟರೆ ಬೇರೇನೂ ಇರುವುದಿಲ್ಲ.

ನಂಬರ್ ಸರಿಯಿದ್ದರೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಎರಡು ಪೂರ್ತಿ ಸುತ್ತು ಕೈಯಿಂದ ತಿರುಗಿಸಿ. ಎಲ್ಲೂ ಕಚ್ಚಬಾರದು. ಆಯಿಲ್ ತುಂಬುವ ಮುಚ್ಚಳ ತೆಗೆದು ಒಳಮೈ ನೋಡಿ. ಹಾಲು ಬೆರೆಸಿದ ಕಾಫಿ ಬಣ್ಣದ ಲೋಳೆಯಿದ್ದರೆ ಆಯಿಲಿಗೆ ನೀರು ಸೇರಿದೆ. ಸ್ಪಾರ್ಕ್ ಪ್ಲಗ್ ತೆಗೆದು ಕಂಪ್ರೆಷನ್ ಗೇಜ್ ಇಟ್ಟು ಸ್ಟಾರ್ಟರಿನಿಂದ ತಿರುಗಿಸಿದರೆ ಒಳ್ಳೆಯ ಪೆಟ್ರೋಲ್ ಎಂಜಿನ್ ಚದರ ಇಂಚಿಗೆ ಸುಮಾರು 150ರಿಂದ 190 ಪೌಂಡ್ ತೋರಿಸುತ್ತದೆ. ಡೀಸೆಲ್ಲಿಗೆ ಅದರ ದುಪ್ಪಟ್ಟಿಗೂ ಹೆಚ್ಚು, ಗೇಜ್ ಕೂಡ ಬೇರೆ. ಅಂಕಿಗಿಂತ ಮುಖ್ಯ ಸಿಲಿಂಡರ್‌ಗಳ ನಡುವಿನ ಅಂತರ. ಒಂದು ಮಾತ್ರ ಉಳಿದವಕ್ಕಿಂತ ಬಹಳ ಕಡಿಮೆಯಿದ್ದರೆ ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ದೋಷ. ನೀರು ಕುಡಿದ ಎಂಜಿನ್ ಎಂಬ ಅನುಮಾನವಿದ್ದರೆ ಪ್ಲಗ್ ತೂತಿನಿಂದ ಸಲಾಕೆ ಇಳಿಸಿ, ಪ್ರತಿ ಪಿಸ್ಟನ್ ತುತ್ತತುದಿಗೆ ಬಂದಾಗ ಎಷ್ಟು ಆಳದಲ್ಲಿದೆ ಎಂದು ಗುರುತು ಮಾಡಿ. ಒಂದು ಪಿಸ್ಟನ್ ತುಸು ಕೆಳಗೇ ನಿಂತರೆ ಅದರ ರಾಡ್ ಬಗ್ಗಿದೆ.

ಹೊರಮೈ ತೊಳೆಯುವುದು ದೊಡ್ಡ ವಿದ್ಯೆಯೇನಲ್ಲ. ನೀರು ಹೋಗಬಾರದ ಬಾಯಿಗಳನ್ನು ಮೊದಲು ಮುಚ್ಚಬೇಕು: ಇನ್‌ಟೇಕ್, ಎಕ್ಸಾಸ್ಟ್, ಇಂಜೆಕ್ಟರ್, ಡಿಪ್‌ಸ್ಟಿಕ್. ಆಲ್ಟರ್ನೇಟರ್, ಸ್ಟಾರ್ಟರ್, ಸೆನ್ಸರ್‌ಗಳನ್ನು ಬಿಚ್ಚಿಡಬೇಕು. ಬಿಚ್ಚುವಾಗ ಪ್ರತಿ ವೈರಿನ, ಪ್ರತಿ ಪೈಪಿನ ಫೋಟೊ ತೆಗೆದುಕೊಳ್ಳಿ. ಆಮೇಲೆ ಡಿಗ್ರೀಸರ್ ಇಲ್ಲವೇ ಡೀಸೆಲ್ ಹಚ್ಚಿ, ನೆನೆಯಲು ಬಿಟ್ಟು, ತಿಕ್ಕಿ ತೊಳೆದರಾಯಿತು. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಆಯಿಲ್ ಸೀಲುಗಳ ಅಂಚಿಗೆ ತಾಗದಿರಲಿ.

ನಿಜವಾದ ಕೆಲಸ ಒಳಗಿದೆ. ಆಯಿಲ್ ನಿಲ್ಲುವ ತಳದ ತೊಟ್ಟಿಗೆ ಗ್ಯಾರೇಜುಗಳಲ್ಲಿ ಚೇಂಬರ್ ಎನ್ನುತ್ತಾರೆ. ಅದನ್ನು ಬಿಚ್ಚಿದಾಗ ತಳದಲ್ಲಿ ಕಪ್ಪು ಲೋಳೆಯಿದ್ದರೆ ಆಯಿಲನ್ನು ಸಮಯಕ್ಕೆ ಬದಲಿಸಿಲ್ಲ. ಕೆಂಪು ಮಣ್ಣಿನ ನುಣುಪು ಪದರವಿದ್ದರೆ ಆ ಎಂಜಿನ್ ನೆರೆಯಲ್ಲಿ ಮುಳುಗಿತ್ತು. ಬೆರಳಿಗೆ ಮಿಂಚುವ ಪುಡಿ ಹತ್ತಿದರೆ ಬೇರಿಂಗ್ ಸವೆಯುತ್ತಿದೆ. ಚೇಂಬರಿನೊಳಗೆ ಇಳಿಬಿದ್ದಿರುವ ಆಯಿಲ್ ಹೀರುವ ಜರಡಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಅದರ ಕಣ್ಣುಗಳು ಅರ್ಧ ಮುಚ್ಚಿದ್ದರೂ ಮೇಲಿನ ಕ್ಯಾಮ್‌ಶಾಫ್ಟಿಗೆ ಆಯಿಲ್ ಹೊತ್ತಿಗೆ ಮುಟ್ಟುವುದಿಲ್ಲ.

ಬ್ಲಾಕಿನ ಉದ್ದಕ್ಕೂ, ಕ್ರ್ಯಾಂಕಿನ ಒಳಗೂ ಗ್ಯಾಲರಿ ಎನ್ನುವ, ಪೆನ್ಸಿಲಿನಷ್ಟು ಸಣ್ಣ ಆಯಿಲ್ ದಾರಿಗಳಿರುತ್ತವೆ. ಕೊನೆಯಲ್ಲಿ ಅವುಗಳಿಗೆ ಪ್ಲಗ್ ಬಡಿದಿರುತ್ತಾರೆ. ಆ ಪ್ಲಗ್ ತೆಗೆಯದೆ ಬರೀ ಗಾಳಿ ಹೊಡೆದರೆ ಕೊಳೆ ಮೂಲೆಗೆ ಸರಿದು ಕೂರುತ್ತದೆ, ಬಿಸಿ ಆಯಿಲ್ ಹರಿದ ದಿನ ಹೊರಟು ಹೊಸ ಬೇರಿಂಗಿನೊಳಗೆ ನುಗ್ಗುತ್ತದೆ. ಪ್ಲಗ್ ತೆಗೆಸಿ, ಉದ್ದನೆಯ ನೈಲಾನ್ ಬ್ರಶ್ಶು ತೂರಿಸಿ, ಸಾಲ್ವೆಂಟ್ ಹಾಯಿಸಿ, ಆಮೇಲೆ ಗಾಳಿ ಹೊಡೆಯಬೇಕು. ರೀಕಂಡಿಷನ್ ಮಾಡಿದ ಎಂಜಿನ್ ಎಂದು ಮಾರುವ ಎಷ್ಟೋ ಕಡೆ ಇದನ್ನು ಬಿಟ್ಟುಬಿಡುತ್ತಾರೆ, ಹೊರಗೆ ಕಾಣುವುದಿಲ್ಲವಲ್ಲ! ಗಿರಾಕಿ ಕೇಳಬೇಕಾದ ಒಂದೇ ಪ್ರಶ್ನೆಯಿದ್ದರೆ ಅದು, ಗ್ಯಾಲರಿ ಪ್ಲಗ್ ತೆಗೆದಿರಾ ಎಂಬುದು.

ಹೆಡ್ ಬಹುತೇಕ ಅಲ್ಯೂಮಿನಿಯಮ್ಮಿನದು. ಎರಕದ ಕಬ್ಬಿಣದ ಬ್ಲಾಕನ್ನು ಕಾಸ್ಟಿಕ್ ಸೋಡಾದ ಬಿಸಿ ತೊಟ್ಟಿಯಲ್ಲಿ ಅದ್ದುವ ಪದ್ಧತಿ ಹಳೆಯದು, ಕೆಲಸವೂ ಚೆನ್ನಾಗಿ ಆಗುತ್ತದೆ. ಆದರೆ ಅದೇ ತೊಟ್ಟಿಗೆ ಅಲ್ಯೂಮಿನಿಯಂ ಹೆಡ್ಡನ್ನೋ ಪಿಸ್ಟನ್ನನ್ನೋ ಇಳಿಸಿದರೆ ಕಾಸ್ಟಿಕ್ ಲೋಹವನ್ನೇ ತಿನ್ನುತ್ತದೆ. ಬ್ಲಾಕೂ ಅಲ್ಯೂಮಿನಿಯಮ್ಮಿನದೇ ಆಗಿರುವ ಎಂಜಿನ್‌ಗಳು ಈಗ ಬಹಳ. ಅಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ ಕಾಸ್ಟಿಕ್ ಹತ್ತಿರ ತರಬೇಡಿ. ಮರಳು ಹೊಡೆಸಿ ಹೊಳೆಯಿಸುವುದನ್ನೂ ನಾನು ಒಪ್ಪುವುದಿಲ್ಲ. ಒಂದು ಹರಳು ಒಳದಾರಿಯಲ್ಲಿ ಉಳಿದರೂ ಬೇರಿಂಗ್ ಗೀರಿಹೋಗುತ್ತದೆ. ಶುಚಿಯಾದ ಹೆಡ್ಡಿನ ಮೇಲೆ ನೇರ ಪಟ್ಟಿ ಇಟ್ಟು, ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ ತೂರಿಸಿ ನೋಡಬೇಕು. 0.05 ಮಿಲಿಮೀಟರಿನ ಎಲೆ ನುಸುಳಿದರೆ ಹೆಡ್ ಸೊಟ್ಟಗಾಗಿದೆ ಎಂದೇ ಬಹಳಷ್ಟು ಕಾರುಗಳ ಲೆಕ್ಕ. ಆಗ ಠಾಣೆಯ ವಾಗ್ಲೆ ಎಸ್ಟೇಟ್ ಕಡೆಯ ಯಂತ್ರದ ಅಂಗಡಿಗೆ ಒಯ್ದು ಫೇಸಿಂಗ್ ಮಾಡಿಸಬೇಕು. ವಾಲ್ವುಗಳನ್ನು ಪೇಸ್ಟ್ ಹಚ್ಚಿ ಸೀಟಿಗೆ ಉಜ್ಜಿದ ಮೇಲೆ, ಹೆಡ್ಡನ್ನು ತಲೆಕೆಳಗಾಗಿ ಇಟ್ಟು ಪೆಟ್ರೋಲ್ ಸುರಿದು ಸ್ವಲ್ಪ ಹೊತ್ತು ಕಾಯಿರಿ. ಪೋರ್ಟಿನ ಕಡೆ ಜಿನುಗದಿದ್ದರೆ ವಾಲ್ವ್ ಕೂತಿದೆ.

ಸಿಲಿಂಡರಿನ ಗೋಡೆಗೆ ಹೋನಿಂಗ್, ಅಂದರೆ ಕಲ್ಲಿನ ಉಜ್ಜು, ಮಾಡಿಸಿದ ಮೇಲಿನ ತೊಳೆತವನ್ನು ಡೊಂಬಿವಲಿ ಎಂಐಡಿಸಿಯ ಒಂದು ಗ್ಯಾರೇಜಿನಲ್ಲಿ ಹತ್ತಿರದಿಂದ ನೋಡಿದ್ದೇನೆ. ವಿಜಯಪುರದ ಕಡೆಯ ಮಿಸ್ತ್ರಿ, ಕೈಕೆಳಗೆ ಒಬ್ಬ ಹುಡುಗ. ಹುಡುಗ ಸೀಮೆಎಣ್ಣೆಯಿಂದ ಒರೆಸಿ, ಆಯಿತು ಎಂದ. ಮಿಸ್ತ್ರಿ ಒಂದು ಬಿಳಿ ಬನಿಯನ್ ಚೂರಿಗೆ ತೆಳ್ಳಗಿನ ಆಯಿಲ್ ಹಚ್ಚಿ ಗೋಡೆಯ ಮೇಲೆ ಒಂದು ಸುತ್ತು ಎಳೆದ. ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿತ್ತು. "ತಮ್ಮಾ, ಇನ್ನೂ ಬರಾಕತ್ತೈತಿ ನೋಡು, ಬಿಸಿನೀರಾಗ ಸಬಕಾರ ಹಾಕ್ಕೊಂಡ್ ಬಾ" ಎಂದ. ಹೋನಿಂಗ್ ಕಲ್ಲಿನ ಪುಡಿ ಗೀರುಗಳ ಸಂದಿಯಲ್ಲಿ ಕುಳಿತಿರುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಎಷ್ಟು ಹಚ್ಚಿದರೂ ಅದು ಪೂರ್ತಿ ಹೊರಬರುವುದಿಲ್ಲ. ಬಿಸಿನೀರು, ಸಾಬೂನು, ಗಟ್ಟಿ ಬ್ರಶ್ಶು ಬೇಕು. ಹುಡುಗ ತಿಕ್ಕಿದ, ಒರೆಸಿದ, ಮಿಸ್ತ್ರಿ ಮತ್ತೆ ಹೊಸ ಚೂರು ತೆಗೆದುಕೊಂಡ. ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ಅವರು ಬಿಡಲಿಲ್ಲ. ಕೊನೆಯ ಒರೆತ ಆದ ಕ್ಷಣವೇ ಗೋಡೆಗಳಿಗೆ ಎಂಜಿನ್ ಆಯಿಲ್ ಸವರಿ, ಇಡೀ ಬ್ಲಾಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರು. ಸಮುದ್ರದ ಹಿನ್ನೀರಾದ ಖಾಡಿಯ ಉಪ್ಪುಗಾಳಿ, ಜುಲೈ ತಿಂಗಳ ತೇವ. ನಮ್ಮಲ್ಲಿ ಒಣಗಿದ ಕಬ್ಬಿಣದ ಸಿಲಿಂಡರ್ ಕೆಲವೇ ಗಂಟೆಗಳಲ್ಲಿ ಕಿತ್ತಳೆ ಬಣ್ಣದ ತುಕ್ಕು ಹಿಡಿಯುತ್ತದೆ. ಗಂಟೆಗಟ್ಟಲೆ ಬಗ್ಗಿ ನಿಂತು ಮಾಡಿದ ಈ ಕೆಲಸ ಬಿಲ್ಲಿನಲ್ಲಿ "ವಾಶಿಂಗ್" ಎಂಬ ಒಂದು ಸಾಲಾಗಿ ಬರುತ್ತದೆ. ಆ ಸಾಲಿನ ಮುಂದಿನ ದುಡ್ಡಿಗೆ ದಯವಿಟ್ಟು ಚೌಕಾಸಿ ಮಾಡಬೇಡಿ.

ರಿಂಗನ್ನು ಪಿಸ್ಟನ್ನಿಗೆ ಹಾಕುವ ಮೊದಲು ಸಿಲಿಂಡರಿನೊಳಗೆ ಇಳಿಸಿ ಬಾಯಿಯ ಸಂದು ಅಳೆಯಬೇಕು. 25 ಮಿಲಿಮೀಟರ್ ಬೋರಿಗೆ 0.1 ಮಿಲಿಮೀಟರ್ ಎಂಬುದು ಹಳೆಯ ಲೆಕ್ಕ. 68 ಮಿಲಿಮೀಟರ್ ಬೋರಿನ ಪದ್ಮಿನಿಗೆ 0.27ರ ಆಸುಪಾಸು. ತಯಾರಕರ ಪುಸ್ತಕ ಸಿಕ್ಕರೆ ಅದರ ಅಂಕಿಯೇ ಅಂತಿಮ. ಎಂಜಿನ್ ಹೊರಗಿರುವಾಗಲೇ ಮುಂದಿನ-ಹಿಂದಿನ ಆಯಿಲ್ ಸೀಲ್, ವಾಟರ್ ಪಂಪ್, ಟೈಮಿಂಗ್ ಬೆಲ್ಟ್ ಮತ್ತು ಟೆನ್ಷನರ್, ಕ್ಲಚ್ ಪ್ಲೇಟ್ ಬದಲಿಸಿಬಿಡಿ. ಇವುಗಳ ಬೆಲೆಗಿಂತ ಎಂಜಿನ್ ಮತ್ತೆ ಇಳಿಸುವ ಕೂಲಿ ಹೆಚ್ಚು. ಹಳೆಯ ಬೆಲ್ಟ್ ಕಡಿದರೆ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿದು ಮಾಡಿದ ಕೆಲಸವೆಲ್ಲ ಹಾಳು. ಹೆಡ್ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ, ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ ಬಿಗಿಯಬೇಕು. ಕೈಯ ಅಂದಾಜಿನಲ್ಲೇ ಬಿಗಿಯುತ್ತೇನೆ ಎನ್ನುವವರ ಅನುಭವಕ್ಕೆ ಗೌರವವಿದೆ, ಆದರೂ ರೆಂಚ್ ಬೇಕೇ ಬೇಕು.

ತೊಳೆದ ನೀರು, ಬಸಿದ ಆಯಿಲ್ ಎಲ್ಲಿಗೆ ಹೋಗುತ್ತದೆ ಎಂದು ಗ್ಯಾರೇಜಿನಲ್ಲಿ ಕೇಳಿ. ಮೋರಿಗೆ ಸುರಿದದ್ದು ವಾಲಧುನಿ, ಉಲ್ಲಾಸ್ ನದಿಗಳ ಮೂಲಕ ಖಾಡಿ ಸೇರುತ್ತದೆ. ಕಲ್ಯಾಣ, ಡೊಂಬಿವಲಿ ಕುಡಿಯುವುದು ಉಲ್ಲಾಸ್ ನದಿಯ ನೀರು. ಠಾಣೆ ಖಾಡಿಯ ಫ್ಲೆಮಿಂಗೊ ಅಭಯಾರಣ್ಯ 2022ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು. ಬಳಸಿದ ಆಯಿಲ್ ಕಾನೂನಿನಲ್ಲಿ ಅಪಾಯಕಾರಿ ತ್ಯಾಜ್ಯ. ಡಬ್ಬದಲ್ಲಿ ಕೂಡಿಟ್ಟು ಪರವಾನಗಿ ಇರುವ ಮರುಬಳಕೆದಾರರಿಗೆ ಕೊಡಬೇಕು. ತೊಳೆಯಲು ಬಳಸಿದ ಡೀಸೆಲ್, ಸೀಮೆಎಣ್ಣೆಯನ್ನು ನಿಲ್ಲಲು ಬಿಟ್ಟರೆ ಕೆಸರು ತಳಕ್ಕಿಳಿಯುತ್ತದೆ, ಮೇಲಿನ ತಿಳಿಯನ್ನು ಮೊದಲ ತೊಳೆತಕ್ಕೆ ಮತ್ತೆ ಬಳಸಬಹುದು. ಇದನ್ನು ಮಾಡುವ ಗ್ಯಾರೇಜಿಗೆ ನಾನು ಕಣ್ಣುಮುಚ್ಚಿ ಎಂಜಿನ್ ಒಪ್ಪಿಸುತ್ತೇನೆ.

ಕೂರಿಸಿದ ಮೇಲೆ ಪ್ಲಗ್ ಹಾಕದೆಯೇ, ಪೆಟ್ರೋಲ್ ಹರಿಯದಂತೆ ತಡೆದು, ಸ್ಟಾರ್ಟರಿನಿಂದ ಬಿಟ್ಟು ಬಿಟ್ಟು ತಿರುಗಿಸಿ. ಆಯಿಲ್ ದೀಪ ಆರಿದ ಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ರೇಡಿಯೇಟರಿಗೆ ನಲ್ಲಿಯ ನೀರು ಬೇಡ. ಅಲ್ಯೂಮಿನಿಯಂ ಹೆಡ್, ಕಬ್ಬಿಣದ ಬ್ಲಾಕ್ ಎರಡೂ ಇರುವ ಎಂಜಿನ್ನಿನಲ್ಲಿ ಬರೀ ನೀರು ಲೋಹವನ್ನು ಒಳಗಿಂದ ತಿಂದುಹಾಕುತ್ತದೆ. ಕೂಲಂಟ್ ಹಾಕಿ, ಸಿಕ್ಕಿಕೊಂಡ ಗಾಳಿ ಹೊರಹೋಗುವ ತನಕ ಮುಚ್ಚಳ ತೆರೆದಿಟ್ಟು, ನಿಂತಲ್ಲೇ ಎಂಜಿನ್ ಓಡಿಸಿ. ಮೇ ರಜೆಗೆ ಪನ್ವೇಲಿನಿಂದ ಹೆದ್ದಾರಿ 66 ಹಿಡಿದು ಉಡುಪಿ, ಮಂಗಳೂರಿಗೆ ಹೊರಡುವ ಮನೆಗಳು ಡೊಂಬಿವಲಿ, ಠಾಣೆಯಲ್ಲಿ ಬೇಕಾದಷ್ಟಿವೆ. ಹೊಸದಾಗಿ ಕೂರಿಸಿದ ಎಂಜಿನ್ನನ್ನು ಮನೆಮಂದಿಯನ್ನೆಲ್ಲ ತುಂಬಿಕೊಂಡು ನೇರ ಕಶೇಡಿ ಘಾಟಿಗೆ ಹತ್ತಿಸಬೇಡಿ. ಮೊದಲು 500 ಕಿಲೋಮೀಟರ್ ಊರೊಳಗೆ, ಶಿಳ್ ರಸ್ತೆಯಲ್ಲಿ, ಪಾಮ್ ಬೀಚ್ ರಸ್ತೆಯಲ್ಲಿ ವೇಗ ಏರಿಸುತ್ತ ಇಳಿಸುತ್ತ ಓಡಿಸಿ. ಆಮೇಲೆ ಆಯಿಲ್ ಬಸಿದು, ಫಿಲ್ಟರನ್ನು ಎಸೆಯದೆ ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಿನಲ್ಲಿ ನೋಡಿ. ಅಲ್ಲೊಂದು ಇಲ್ಲೊಂದು ಸೂಜಿಮೊನೆಯ ಚುಕ್ಕಿ ಕಂಡರೆ ಹೊಸ ರಿಂಗ್ ಕೂರುವಾಗ ಬಿಟ್ಟದ್ದು, ಚಿಂತೆಯಿಲ್ಲ. ತೆಳ್ಳನೆಯ ಚಕ್ಕೆಗಳು, ತಾಮ್ರದ ಬಣ್ಣ ಕಂಡರೆ ಅದೇ ದಿನ ಚೇಂಬರ್ ಬಿಚ್ಚಿಸಿ ಬೇರಿಂಗ್ ನೋಡಿಸಿ.